ಸಹಿಯ ಪಕ್ಕದ ನಕ್ಷತ್ರ

ಜನವರಿ ೧೪, ಶನಿವಾರ. ಟೊಲೀಡೊ.

ವೆಂಡೆಲ್‌ನ ಆಟದ ಸಾಮಾನಿನ ಅಂಗಡಿಯಲ್ಲಿ ಇವತ್ತು ಮತ್ತೆ ಬೇಸ್‌ಬಾಲ್ ಚೆಂಡುಗಳಿಗೆ ಸಹಿ ಹಾಕುತ್ತ ಕೂತಿದ್ದೆ. ಬ್ಯಾಟ್ಸ್‌ಮನ್ ರೋರ್ಕ್ ತನ್ನ ದಾಖಲೆಯ ಹೋಮ್ ರನ್ ಹೊಡೆದದ್ದು, ಮೈದಾನದಾಚೆಗೆ ಅಟ್ಟಿದ್ದು, ನಾನು ಎಸೆದ ಚೆಂಡನ್ನೇ. ಜನ ನನ್ನನ್ನು ನೆನಪಿಟ್ಟಿರುವುದು ಅದೊಂದಕ್ಕೇ.

ಸಾಲಿನಲ್ಲಿದ್ದ ಒಬ್ಬ ಚೆಂಡು ಮುಂದೆ ಹಿಡಿದು, "ಸಹಿ ಪಕ್ಕ ಒಂದು ನಕ್ಷತ್ರ ಹಾಕಿ ಸರ್. ಆ ದಾಖಲೆ ಸಾಚಾ ಅಲ್ಲ ಅಂತ ಗೊತ್ತಾಗ್ಲಿ. ಸ್ಟೀರಾಯ್ಡ್ ಚುಚ್ಚಿಸ್ಕೊಂಡಿದ್ನಂತಲ್ಲ ಅವ್ನು," ಅಂದ.

"ಅಂತೆ," ಅಂದೆ.

"ಅಂತೆ ಏನ್ ಬಂತು? ಆ ಗೂಳಿ ಕತ್ತು ನೋಡಿದ್ರೆ ಗೊತ್ತಾಗಲ್ವಾ?"

ಕತ್ತು ನಾನೂ ನೋಡಿದ್ದೇನೆ. ಆದರೆ ಇವತ್ತಿನವರೆಗೆ ಯಾರೂ ಸಾಬೀತು ಮಾಡಿಲ್ಲ. ಅವನು ಮದ್ದು ತೆಗೆದುಕೊಂಡಿದ್ದರೆ ಇಷ್ಟು ವರ್ಷ ನಾನು ತಲೆ ತಗ್ಗಿಸಿದ್ದೆಲ್ಲ ದಂಡ. ಇಲ್ಲವಾದರೆ, ನನ್ನ ಜೀವಮಾನದ ಅತ್ಯುತ್ತಮ ಎಸೆತವೂ ಅವನ ಮುಂದೆ ಸಾಲಲಿಲ್ಲ. ಯಾವುದು ನಿಜವಾಗಿರಲಿ ಎಂದು ಬಯಸಲಿ? ನಕ್ಷತ್ರ ಹಾಕಲು ಕೈ ಏಳಲಿಲ್ಲ. ನಾಳೆ ಕೊಡುತ್ತೇನೆಂದು ಚೆಂಡನ್ನು ಮನೆಗೆ ತಂದೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಲೊರೇನ್ ಬಟಾಣಿ ಬಡಿಸುತ್ತ, "ಹಾಕು, ಯಾರ್ ಬೇಡ ಅಂದ್ರು? ಆದ್ರೆ ಅವನ ದಾಖಲೆನೇ ಹೋದ್ರೆ ನಿನ್ನ ಸಹಿ ಯಾರಿಗೆ ಬೇಕು?" ಅಂದಳು.

ಅದೂ ಸರಿಯೇ. ಅದಕ್ಕೇ ಊಟ ಸೇರಲಿಲ್ಲ.

ಅವತ್ತು ಆ ಹೊಡೆತದ ಓಟ ಮುಗಿಸುತ್ತ ಮೂರನೇ ಬೇಸ್ ದಾಟುವಾಗ ರೋರ್ಕ್ ನನ್ನತ್ತ ತಿರುಗಿ ಶಿರಸ್ತ್ರಾಣ ಮುಟ್ಟಿದ್ದ, ಒಳ್ಳೆಯ ಎಸೆತ ಎನ್ನುವ ಹಾಗೆ. ಅದನ್ನು ನಾನು ಯಾರಿಗೂ ಹೇಳಿಲ್ಲ. ಅವನ ದಾಖಲೆ ಸುಳ್ಳಾದರೆ ಆ ಮೆಚ್ಚುಗೆಗೂ ಒಂದು ನಕ್ಷತ್ರ ಹಾಕಬೇಕೇ?