ಎಣ್ಣೆಬಾಯಿಯ ತೂತು

ಫೆಬ್ರವರಿ ಮೂವತ್ತು (ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ), ಜೇನು ಮರಳಿ ಬಂದ ಇಪ್ಪತ್ತನೇ ವರ್ಷ. ನಿಮ್ಮ ಲೆಕ್ಕದಲ್ಲಿ ೨೧೩೭ ಇರಬಹುದು.

ಲಾರಿಯ ಬಾಗಿಲ ಮೇಲೆ ಹೆಸರು ಬರೆಸಿಕೊಂಡಿರುವ ಯಮನೂರಪ್ಪನವರಿಗೆ ಗೌರವ್ವ ಬರೆಯುವುದು. ನಾನು ಓದಿದ್ದು ಮೂರು ಮಳೆಗಾಲ. ಮಾತು ವಿಚಿತ್ರ ಕಂಡರೆ ಕ್ಷಮಿಸಿ. ನೂರು ವರ್ಷಕ್ಕೆ ಮಾತೂ ಹಳೇ ಚಪ್ಪಲಿಯ ಹಾಗೆ ಸವೆದು ಬೇರೆ ಕಾಲಿನದಾಗುತ್ತದೆ.

ನಿಮ್ಮ ಲಾರಿ ಇನ್ನೂ ನಮ್ಮಲ್ಲಿದೆ. ಈಗ ಹೊಂಗೆ ಎಣ್ಣೆ ಕುಡಿಯುತ್ತದೆ. ಗಾಣದಿಂದ ಕಣಕ್ಕೆ, ಕಣದಿಂದ ಗಾಣಕ್ಕೆ, ಅಷ್ಟೇ ಅದರ ಓಡಾಟ. ಎಣ್ಣೆ ತುಂಬಿದ ಮೇಲೆ ಟ್ಯಾಂಕಿನ ಮುಚ್ಚಳದ ಮೇಲೆಲ್ಲ ಜೇನುಮೇಣ ಮೆತ್ತುತ್ತೇವೆ. ಅದಕ್ಕೆ ಬಾಯಿಕಟ್ಟು ಅಂತೀವಿ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಬಿಗಿದ ಹಾಗೆ. ಎಣ್ಣೆಯ ಸತ್ವ ಗಾಳಿಪಾಲಾಗಬಾರದು ಅಂತ. ಕಟ್ಟುವ ಹಕ್ಕು ಮನೆಯ ಸೊಸೆಯದು. ಬೇರೆಯವರು ಆ ಮೇಣ ಮುಟ್ಟುವಂತಿಲ್ಲ.

ಹೋದ ತಿಂಗಳು ನನ್ನ ಸೊಸೆ ಹುಲಿಗೆವ್ವನ ಹೊಟ್ಟೆ ನೋವೆದ್ದು ಕಲ್ಲಾಯಿತು. ಕೊಯ್ಮನೆಗೆ, ಅಂದರೆ ನೀವು ಆಸ್ಪತ್ರೆ ಅನ್ನುತ್ತಿದ್ದ ಜಾಗಕ್ಕೆ, ಒಂದು ಹಗಲಿನ ದಾರಿ. ಲಾರಿಗೆ ಎಣ್ಣೆ ತುಂಬಿಸಿದೆವು. ಒಂದು ಕೈ ಹೊಟ್ಟೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಅವಳೇ ಬಾಯಿ ಕಟ್ಟಿದಳು.

ಜಾಲಿಗಿಡದ ತಿರುವು ದಾಟುತ್ತಿದ್ದಂತೆ ಎಂಜಿನ್ ಸೊರಗಿ, ಕೆಮ್ಮಿ, ಓಡುತ್ತಿದ್ದಂತೆಯೇ ಆರಿಹೋಯಿತು. ಮಗ ಕೊಟ್ರೇಶ ಮುಚ್ಚಳ ತೆಗೆದು ನೋಡಿದ; ಎಣ್ಣೆಗೇನೂ ಕಡಿಮೆಯಿಲ್ಲ. ಫಿಲ್ಟರ್ ತೊಳೆದ, ಕೊಳವೆ ಊದಿದ, ಕೈಪಂಪು ಒತ್ತಿದ. ಹತ್ತಿತು. ಫಿಲ್ಟರಿನ ಕಸವೇ ಇದು ಅಂದ. ಹುಲಿಗೆವ್ವ ಇಳಿದು ಮತ್ತೆ ಮೇಣ ಮೆತ್ತಿದಳು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಫಿಲ್ಟರ್, ಮತ್ತೆ ಮೇಣ. ಮುಚ್ಚಳ ತೆಗೆದಾಗೆಲ್ಲ ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಳ್ಳುತ್ತಿತ್ತು. ಎಲ್ಲರಿಗೂ ಕೇಳಿಸಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮಪ್ಪನೂ ಹೀಗೇ ಕಣೋ, ಅರ್ಧ ದಾರೀಲಿ ನಿಲ್ಲೋ ಗಂಡಸು ಅಂತ ಕೊಟ್ರೇಶನನ್ನು ಬೈದೆ. ಹಿಂದೆ ಮಲಗಿದ್ದ ಹುಲಿಗೆವ್ವ, ಅತ್ತಿ, ಆ ಮೇಣ ನಿಮ್ಮ ಬಾಯಿಗೆ ಮೆತ್ತಿದ್ದರೆ ಲಾರಿ ನಾಚಿಯಾದರೂ ಓಡ್ತಿತ್ತು ಅಂದಳು. ಅದೇ ಅವಳ ಕೊನೇ ಮಾತು.

ಕೊಯ್ಮನೆಯ ಕಂಬ ಕಾಣುವಲ್ಲಿ ಲಾರಿ ಮತ್ತೆ ನಿಂತಿತು. ಅದು ಹತ್ತುವ ಹೊತ್ತಿಗೆ ಅವಳ ಕೈ ತಣ್ಣಗಾಗಿತ್ತು.

ಅವಳನ್ನು ಹಾಗೇ ಮಲಗಿಸಿಕೊಂಡು ತಿರುಗಿದೆವು. ಬಾಯಿ ಕಟ್ಟಲು ಸೊಸೆಯಿಲ್ಲ. ಕೊಟ್ರೇಶ ಬರೀ ಮುಚ್ಚಳವನ್ನು ಬಿಗಿಯದೆ ಸಡಿಲವಾಗಿ ಇಟ್ಟ. ಲಾರಿ ಮನೆ ಬಾಗಿಲವರೆಗೆ ಒಮ್ಮೆಯೂ ನಿಲ್ಲಲಿಲ್ಲ.

ಮಣ್ಣು ಮಾಡಿ ಬಂದು ಅವನು ಮುಚ್ಚಳಕ್ಕೆ ಅಂಟಿದ್ದ ಹಳೇ ಮೇಣವನ್ನೆಲ್ಲ ಕೆರೆದ. ನಡುವೆ ಸೂಜಿ ಹೋಗುವಷ್ಟು ತೂತು. ಎಣ್ಣೆ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕವ್ವ, ಇಲ್ಲದಿದ್ದರೆ ಎಂಜಿನ್ನಿಗೆ ಎಣ್ಣೆ ಸಿಗೋದಿಲ್ಲ ಅಂದ. ತಲೆ ಎತ್ತಲಿಲ್ಲ. ಗಾಣ ಕಣದ ನಡುವಿನ ಓಡಾಟ ಚಿಕ್ಕದು, ಅದಕ್ಕೇ ಇಷ್ಟು ವರ್ಷ ಗೊತ್ತಾಗಿರಲಿಲ್ಲ.

ನಾನು ಅತ್ತಿಲ್ಲ. ಜೋಳ ಬೀಸುತ್ತೇನೆ, ಉಣ್ಣುತ್ತೇನೆ. ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ.

ಯಮನೂರಪ್ಪ, ನಿಮಗೆ ಆ ತೂತು ಗೊತ್ತಿತ್ತು. ಬಾಗಿಲಿಗೆ ಹೆಸರು ಬರೆಸಿದಿರಿ, ಹಿಂದುಗಡೆ ನವಿಲು ಬಿಡಿಸಿದಿರಿ. ಅದೇ ಬಣ್ಣದಲ್ಲಿ ಮುಚ್ಚಳದ ಪಕ್ಕ ಒಂದು ಮಾತು ಬರೆಸಿ: ಈ ತೂತು ಮುಚ್ಚಬೇಡಿ. ಕಾಗದವನ್ನು ನಿಮ್ಮ ಸೀಟಿನ ಕೆಳಗೇ ಇಡುತ್ತೇನೆ. ನೀವು ಅಲ್ಲಿ ಬರೆಸಿದರೆ ನೂರು ವರ್ಷದ ಈಚೆ ಇಲ್ಲಿ ಕಾಣಬೇಕು. ನಾಳೆ ಬೆಳಿಗ್ಗೆ ಹೋಗಿ ಮುಚ್ಚಳದ ಪಕ್ಕ ಸೆರಗಿನಿಂದ ಒರೆಸಿ ನೋಡುತ್ತೇನೆ.