ದಿಂಬಿನೊಳಗಿದ್ದ ಅಂಗಿ

ಫೆಬ್ರುವರಿ ೯, ಭಾನುವಾರ ಬೆಳಿಗ್ಗೆ

ಮಗಳಿಗೆ,

ಮೊದಲು ‘ಸೊಸೆಗೆ’ ಎಂದು ಬರೆದು ಹೊಡೆದುಹಾಕಿದೆ. ಮೇಲೆ ಕಾಣುವ ಗೀಚು ಅದರದ್ದೇ. ಹಾಳೆ ಬದಲಾಯಿಸಬಹುದಿತ್ತು, ಆದರೆ ಒಂದು ಪದಕ್ಕೆ ಒಂದು ಹಾಳೆ ಎಸೆಯುವವಳು ನಾನಲ್ಲ ಎಂದು ನಿನಗೆ ಗೊತ್ತೇ ಇದೆ.

ಚೆನ್ನಾಗಿದ್ದೀಯಾ? ಕೈ ಪೂರ್ತಿ ವಾಸಿಯಾಯಿತೇ? ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಣ್ಣು ಮಂಜು, ಪೆನ್ನು ಸಿಗಲಿಲ್ಲ ಎಂದೆಲ್ಲ ನೆಪ ಹೇಳಬಹುದು. ಆದರೆ ಪೆನ್ನು ಕಳೆದುಹೋಗುವಷ್ಟು ಜಾಗ ಈ ಮನೆಯಲ್ಲಿ ಎಲ್ಲಿದೆ? ಕೂತಲ್ಲಿಂದ ಕೈ ಚಾಚಿದರೆ ನಾಲ್ಕು ಗೋಡೆಯೂ ಸಿಗುತ್ತವೆ. ಉತ್ತರ ಸಿಗಲಿಲ್ಲ, ಅಷ್ಟೇ.

ನೀನು ಕೇಳಿದ್ದು ಒಂದೇ ಮಾತು. ಎಷ್ಟು ಸಲ ಓದಿದೆನೆಂದರೆ ಈಗ ಬಾಯಿಪಾಠವಾಗಿದೆ. “ಅತ್ತೆ, ಇಪ್ಪತ್ತನೇ ತಾರೀಖು ನನ್ನ ಪೆಟ್ಟಿಗೆ ತಗೊಂಡು ಹೋಗೋಕೆ ಬರ್ತೀನಿ. ಅದಕ್ಕೆ ಮುಂಚೆ ಒಂದು ವಿಷಯ ತಿಳೀಬೇಕು. ಅವರ ಅಂಗಿನ ಗೊತ್ತಿದ್ದೇ ಕುದಿಸಿದ್ರಾ, ಗೊತ್ತಿಲ್ಲದೆ ಕುದಿಸಿದ್ರಾ? ಗೊತ್ತಿಲ್ಲದೆ ಅಂದ್ರೆ ಇನ್ಯಾವತ್ತೂ ಆ ಮಾತು ಎತ್ತಲ್ಲ. ಎರಡು ದಿನ ಇರ್ತೀನಿ, ಮುಂದೆಯೂ ಬಂದು ಹೋಗ್ತಾ ಇರ್ತೀನಿ. ಗೊತ್ತಿದ್ದೇ ಅಂದ್ರೆ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡ್ತೀನಿ.”

ಹೇಳುತ್ತೇನೆ. ಅದಕ್ಕೂ ಮೊದಲು ಮನೆಯ ಸುದ್ದಿ ಕೇಳು, ಇಲ್ಲದಿದ್ದರೆ ನನಗೆ ಕಾಗದ ಮುಂದಕ್ಕೆ ಹೋಗುವುದಿಲ್ಲ.

ಹಿಂದಿನ ಬೀದಿಯ ಹಳೆಯ ಛತ್ರ ಕೆಡವಿದರು. ನಮ್ಮ ಗುಜರಿಯವನು, ಅದೇ ನೀನು ಬಿರುಗಾಳಿ ಎಂದು ಹೆಸರಿಟ್ಟ ಆ ಆಮೆನಡಿಗೆಯ ಮನುಷ್ಯ, ಅಲ್ಲಿಂದ ಒಂದು ಒಂಟಿ ಬಾಗಿಲು ತಂದುಕೊಟ್ಟ. ಅದಕ್ಕೆ ಎರಡು ತಿರುಗಣಿ ಹಾಕಿಸಿ ಕಿಟಕಿಯ ಕೆಳಗೆ ಗೋಡೆಗೆ ಜೋಡಿಸಿದ್ದೇನೆ. ಎತ್ತಿ ಕೊಂಡಿ ಹಾಕಿದರೆ ಗೋಡೆ, ಇಳಿಸಿದರೆ ಮೇಜು. ಈ ಕಾಗದ ಬರೆಯುತ್ತಿರುವುದು ಅದರ ಮೇಲೆಯೇ. ಮುರಿದ ಮೂರು ಕೊಡೆಗಳ ಬಟ್ಟೆಯಿಂದ ಸ್ನಾನದ ಮೂಲೆಗೆ ಹೊಸ ಪರದೆ ಹೊಲಿದಿದ್ದೇನೆ, ಒಂದು ಹನಿ ನೀರು ಈಚೆ ಬರುವುದಿಲ್ಲ. ಬಿರುಗಾಳಿ ಅದನ್ನು ನೋಡಿ, “ಅಮ್ಮಾ, ಈ ಬೀದೀಲಿ ನಿಮ್ಮಂಥೋರು ಇನ್ನೂ ನಾಲ್ಕು ಜನ ಇದ್ದಿದ್ರೆ ನಾನು ಅಂಗಡಿಗೆ ಬೀಗ ಹಾಕ್ಬೇಕಿತ್ತು” ಎಂದ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಎದುರುಮನೆಯ ಟೀಚರ್ ನಿವೃತ್ತರಾದರು. ಹೊತ್ತು ಹೋಗುತ್ತಿಲ್ಲವೆಂದು ಕೌದಿ ಹೊಲಿಯುವುದನ್ನು ಕಲಿಯಲು ನನ್ನ ಹತ್ತಿರ ಬರುತ್ತಾರೆ. ಪ್ರತಿ ಹೊಲಿಗೆಯನ್ನೂ ಸ್ಕೇಲು ಇಟ್ಟು ಅಳೆಯುತ್ತಾರೆ! ಒಂದು ಗಂಟೆಗೆ ಒಂದು ಗೇಣು ಮುಗಿದರೆ ನನ್ನ ಪುಣ್ಯ. “ಹೊದ್ದುಕೊಂಡೋರು ನಿದ್ದೆ ಮಾಡ್ತಾರೆ ಟೀಚರ್, ಹೊಲಿಗೆ ಎಣಿಸಲ್ಲ” ಎಂದರೆ ಕನ್ನಡಕದ ಮೇಲಿಂದ ನನ್ನನ್ನೇ ದಿಟ್ಟಿಸುತ್ತಾರೆ. ಬಟ್ಟೆ ಕುದಿಸುವ ಪಾಠ ಮಾತ್ರ ನಾನು ಅವರಿಗೆ ಇನ್ನೂ ಮಾಡಿಲ್ಲ. ನೀನು ಹೋದ ಮೇಲೆ ಆ ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸಲು ಕೈ ಬರುತ್ತಿಲ್ಲ.

ನೋಡು, ಸುತ್ತಿ ಬಳಸಿ ಅಲ್ಲಿಗೇ ಬಂದೆ.

ನಿನ್ನ ಗಂಡ, ನನ್ನ ಮಗ, ಲಿಫ್ಟ್ ರಿಪೇರಿಗೆಂದು ಹೋದವನು ಜೀವಂತವಾಗಿ ಮನೆಗೆ ಬರಲಿಲ್ಲ. ಆಮೇಲೆ ಹದಿನಾಲ್ಕು ತಿಂಗಳು ನಾವಿಬ್ಬರೂ ಈ ಒಂದೂವರೆ ಕೋಣೆಯಲ್ಲಿ ಒಬ್ಬರಿಗೊಬ್ಬರು ಎಡವಿಕೊಂಡು ಬದುಕಿದೆವು. ನೀನು ಅಳುವಾಗ ನಾನು ಪಾತ್ರೆ ಸದ್ದು ಮಾಡುತ್ತಿದ್ದೆ, ನಾನು ಅಳುವಾಗ ನೀನು ನಲ್ಲಿ ತಿರುಗಿಸುತ್ತಿದ್ದೆ. ಬೇರೆ ಕೋಣೆ ಇಲ್ಲದ ಮನೆಯಲ್ಲಿ ಮರ್ಯಾದೆ ಎಂದರೆ ಅದೇ. ಅವನ ಆರು ಅಂಗಿಗಳನ್ನು ನೀನೇ ತಂದು ನನ್ನ ಮುಂದಿಟ್ಟು, “ಸುಮ್ನೆ ಪೆಟ್ಟಿಗೇಲಿ ಇದ್ರೆ ಹುಳ ತಿನ್ನುತ್ತೆ. ಕೌದಿ ಮಾಡೋಣ ಅತ್ತೆ, ಇಬ್ಬರೂ ಹೊದ್ಕೊಳ್ಳೋಣ” ಎಂದೆ. ನಾನು ಎದ್ದು ಕತ್ತರಿ ತಂದೆ. ಅವತ್ತೇ ನಿನಗೆ ಹೇಳಬೇಕಿತ್ತು. ಅಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಆಡಿರಲಿಲ್ಲ.

ಸಾಯಂಕಾಲ ನೀನು ಕೆಲಸದಿಂದ ಬಂದ ಮೇಲೆ ಆ ತುದಿಯಿಂದ ನೀನು, ಈ ತುದಿಯಿಂದ ನಾನು ಹೊಲಿಯುತ್ತಾ ಬರುತ್ತಿದ್ದೆವು. ಏಳನೇ ಅಂಗಿ ಒಂದಿತ್ತು. ಅವನು ಹೋಗುವ ಹಿಂದಿನ ದಿನ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದ ನೀಲಿ ಚೌಕಳಿ ಅಂಗಿ. ಅದು ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ನನ್ನ ನೇಮ ನಿನಗೆ ಗೊತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಪ್ಪತ್ತೆಂಟು ವರ್ಷ ದುಡಿದವಳು ನಾನು. ಯಾರ ಮೈಮೇಲಿದ್ದ ಬಟ್ಟೆಯೇ ಆಗಲಿ, ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಯದೆ ನನ್ನ ಸೂಜಿಗೆ ತಾಗುವಂತಿಲ್ಲ. ಆ ಮಂಗಳವಾರ ಕೌದಿಯ ಒಳಪದರಕ್ಕೆಂದು ಹಳೆಯ ಹಾಸುಗಳನ್ನು ಕುದಿಯಲು ಇಟ್ಟಿದ್ದೆ. ಹೇಗೂ ನೀರು ಕಾದಿದೆ, ದಿಂಬಿನ ಚೀಲಗಳೂ ಆಗಲಿ ಎಂದು ನಿನ್ನ ದಿಂಬು ಎತ್ತಿ ಚೀಲ ಎಳೆದೆ. ಒಳಗಿದ್ದ ಅಂಗಿ ಅದರ ಜೊತೆಗೇ ಬಂತು. ನೋಡಲಿಲ್ಲ, ಎರಡನ್ನೂ ಒಟ್ಟಿಗೆ ಪಾತ್ರೆಗೆ ಹಾಕಿದೆ.

ಅವತ್ತೇ ನೀನು ಬೇಗ ಬರಬೇಕಿತ್ತೇ? ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ನೊರೆಯ ನಡುವೆ ನೀಲಿ ಕಂಡು, ಬಟ್ಟೆ ಎತ್ತುವ ಕೋಲನ್ನೂ ಹುಡುಕದೆ, ಕುದಿಯುವ ನೀರಿಗೆ ಬರಿಗೈ ಹಾಕಿದೆ. ಬೇಡ ಬೇಡ ಎಂದು ನಾನು ಕೂಗಿದ್ದು ನಿನಗೆ ಕೇಳಿಸಲೇ ಇಲ್ಲ. ಹಬೆಯಾಡುತ್ತಿದ್ದ ಅಂಗಿಯನ್ನು ಮೂಗಿಗೆ ಒತ್ತಿಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, “ಸೋಡಾ ವಾಸನೆ ಅತ್ತೆ” ಎಂದೆ. ಬರೀ ಅಷ್ಟೇ. ನಿನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಾಗ ನೀನು ಎಳೆದುಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಹನ್ನೊಂದನೇ ದಿನ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೊರಟೆ. ನೀನು ಒಂದು ಮಾತು ಬೈದಿದ್ದರೂ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕೌದಿ ಅಲ್ಲಿಗೇ ನಿಂತಿದೆ. ನಿನ್ನ ಕಡೆಯ ಸಾಲಿಗೂ ನನ್ನ ಕಡೆಯ ಸಾಲಿಗೂ ನಡುವೆ ಎರಡು ಮೊಳ ಬಾಕಿ. ಟೀಚರ್ “ನಾನು ಮುಗಿಸಿ ಕೊಡ್ಲಾ?” ಎಂದರು. ಬೇಡ ಎಂದೆ. ಚೌಕಳಿ ಅಂಗಿಗೆ ಕತ್ತರಿ ತಾಗಿಸಿಲ್ಲ. ಮಡಿಸಿ ನಿನ್ನ ಪೆಟ್ಟಿಗೆಯೊಳಗೆ ಮೇಲೆಯೇ ಇಟ್ಟಿದ್ದೇನೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಗೊತ್ತಿಲ್ಲದೆ ಮಾಡಿದೆ, ಮಗಳೇ. ಮುದುಕಿಯ ಮಂದಗಣ್ಣು, ಒಗೆಯುವ ಹುಚ್ಚು, ಎರಡೂ ಸೇರಿ ಆದ ಅನಾಹುತ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಇಪ್ಪತ್ತಕ್ಕೆ ಬಾ, ಎರಡು ದಿನ ಇರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನ ಹೊದಿಕೆ ತೆಳುವಾಗಿರುತ್ತದೆ, ಎರಡು ಕೇಳಿ ತೆಗೆದುಕೋ, ಸಂಕೋಚ ಬೇಡ. ನಿನ್ನ ಕೈಗೆ ಇನ್ನು ಯಾವ ನೋವೂ ಬಾರದಿರಲಿ, ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅತ್ತೆ

ಮರೆತ ಮಾತು: ಇಲ್ಲ, ಮರೆತದ್ದೇನೂ ಅಲ್ಲ. ಲಕೋಟೆಗೆ ಅಂಟು ಹಚ್ಚಿ, ವಿಳಾಸ ಬರೆದು, ಅಂಚೆ ಡಬ್ಬದವರೆಗೆ ಹೋಗಿ ವಾಪಸು ಬಂದೆ. ಹಬೆ ಹಿಡಿದು ಬಿಚ್ಚಿದ್ದೇನೆ, ಅದಕ್ಕೇ ಅಂಚು ಸುಕ್ಕಾಗಿದೆ. ನಾನು ಸುಳ್ಳು ಹೇಳಿದೆ. ಅದನ್ನು ನಂಬಿ ನೀನು ಬಂದು ನನ್ನ ಪಕ್ಕದಲ್ಲಿ ಮಲಗಿದರೆ ನನಗೆ ಉಸಿರಾಡಲು ಆಗುವುದಿಲ್ಲ.

ಅಂಗಿ ಚೀಲದ ಜೊತೆ ತಾನಾಗಿ ಬರಲಿಲ್ಲ. ನಾನೇ ಕೈ ಹಾಕಿ ತೆಗೆದೆ. ನೀನು ದಿನಾ ಬೆಳಿಗ್ಗೆ, ನಾನು ಮುಖ ತೊಳೆಯಲು ಹೋದಾಗ, ದಿಂಬಿಗೆ ಮುಖ ಹುದುಗಿಸಿ ಕೂರುತ್ತಿದ್ದುದನ್ನು ಪರದೆಯ ಸಂದಿನಿಂದ ಎಷ್ಟೋ ಸಲ ನೋಡಿದ್ದೆ. ನನಗೂ ಆಸೆಯಾಯಿತು ಕಣೇ. ಒಂದೇ ಒಂದು ಸಲ ಎಂದುಕೊಂಡೆ. ನೀನು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ಅವನು ಎಳೆ ಕೂಸಾಗಿದ್ದಾಗಿನಿಂದ ನನಗೆ ಗೊತ್ತಿದ್ದ ವಾಸನೆ ಅದು, ಕಣ್ಣು ಕಟ್ಟಿದರೂ ಹೇಳುತ್ತಿದ್ದೆ. ಅಂಗಿಯಲ್ಲಿ ಅದು ಇರಲಿಲ್ಲ. ಕೊರಳಪಟ್ಟಿಯಲ್ಲಿ ನಿನ್ನ ತಲೆಯೆಣ್ಣೆ, ತೋಳಿನಲ್ಲಿ ನಿನ್ನ ಪೌಡರು, ಎಲ್ಲಾ ಕಡೆ ನೀನೇ. ಹದಿನಾಲ್ಕು ತಿಂಗಳು ಅಪ್ಪಿಕೊಂಡು ಅಪ್ಪಿಕೊಂಡು ನೀನು ಅವನನ್ನು ಪೂರ್ತಿ ತೆಗೆದುಕೊಂಡುಬಿಟ್ಟಿದ್ದೆ. ನನಗೆ ಅಂತ ಒಂದು ಉಸಿರಿನಷ್ಟೂ ಉಳಿಸಿರಲಿಲ್ಲ. ಹೊಟ್ಟೆ ಉರಿಯಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಗೊತ್ತಿದ್ದೇ ಹಾಕಿದೆ.

ಇದನ್ನು ಬರೆಯುವುದೆಂದರೆ ಅವನನ್ನು ನಿನ್ನಿಂದ ಇನ್ನೊಮ್ಮೆ ಕಿತ್ತುಕೊಂಡ ಹಾಗೆ ಎಂದು ಗೊತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಇಪ್ಪತ್ತಕ್ಕೆ ನೀನು ಬರುವ ಹೊತ್ತಿಗೆ ಪೆಟ್ಟಿಗೆಯನ್ನು ಹೊಸಿಲಿನ ಈಚೆಗೆ ಇಟ್ಟಿರುತ್ತೇನೆ. ನಾನು ಟೀಚರ್ ಮನೆಯಲ್ಲಿ ಕೂತಿರುತ್ತೇನೆ. ನನ್ನ ಮುಖ ನೋಡಬೇಕು ಅನ್ನಿಸಿದರೆ ಮಾತ್ರ ಕೂಗು. ಅನ್ನಿಸದಿದ್ದರೆ ಹೊರಡು. ನಾನು ಕಿಟಕಿಯಿಂದಲೂ ನೋಡುವುದಿಲ್ಲ.