ಟೈರಿನೊಳಗಿನ ತುಂಡು

ಅಣ್ಣಾ,

ನಾನೂ ಮಗಳೂ ಕ್ಷೇಮ. ಹೇಗೆ ಕ್ಷೇಮವಾಗಿ ಉಳಿದೆವು ಎಂದು ತಿಳಿಸಲು ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, 'ಆಯ್ತಾಯ್ತು, ಇಡ್ತೀನಿ' ಎನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಬರುವುದಿಲ್ಲ.

ನಿನ್ನೆ ಬೆಳಿಗ್ಗೆ ಗುಬ್ಬಿಯನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟಿದ್ದೆ. ಇಳಿಜಾರು ಮುಗಿದು ಸೇತುವೆ ಹತ್ತಿರ ಬರುತ್ತಿದ್ದಂತೆ, ನೀನು ಕೊಟ್ಟ ಬೈಕಿನ ಹಿಂಭಾಗ ಅತ್ತಿತ್ತ ಓಲಾಡತೊಡಗಿತು. 'ಅಮ್ಮಾ, ಗಾಡಿ ಡ್ಯಾನ್ಸ್ ಮಾಡ್ತಿದೆ' ಎಂದು ಅವಳಿಗೆ ನಗು. ನನಗೆ ಜೀವ ಬಾಯಿಗೆ ಬಂದಿತ್ತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಬೆನ್ನಿಗೇ ಬರುತ್ತಿದ್ದ ಲಾರಿಯವನು ಬೈದುಕೊಂಡು ಹೋದ. ಅವಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಬೈಕನ್ನು ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದೆ.

ಅಂಗಡಿಯವನು ಚಕ್ರ ಬಿಚ್ಚುವ ಮೊದಲೇ ಕೇಳಿದ. 'ಪಂಚರ್ ಹಾಕ್ಲಾ, ಟೈರೇ ಬದಲಾಯಿಸ್ತೀರಾ? ತುಂಬಾ ಸವೆದಿದೆ ನೋಡಿ.'

'ಇರಿ, ನಮ್ಮಣ್ಣನ್ನ ಕೇಳ್ತೀನಿ' ಎಂದೆ.

'ಗಾಡಿ ನಿಮ್ದೋ, ನಿಮ್ಮಣ್ಣಂದೋ?' ಎಂದು ಅವನು ನಕ್ಕ. ಅವನಿಗೆ ಏನೆಂದು ವಿವರಿಸಲಿ? ನಿನ್ನ ಅಂಗಿ, ನಿನ್ನ ಪುಸ್ತಕ, ನಿನ್ನ ಕೊಡೆ, ಎಲ್ಲವೂ ನೀನು ಬಳಸಿ ಮುಗಿಸಿದ ಮೇಲೆ ನನ್ನ ಪಾಲಿಗೆ ಬರುತ್ತಿದ್ದವು. ಬಂದ ಮೇಲೂ ನಿನ್ನವೇ ಆಗಿರುತ್ತಿದ್ದವು. ಕೊಡೆಯ ಒಂದು ಕಡ್ಡಿ ಮುರಿದರೂ ನಿನಗೆ ವರದಿ ಒಪ್ಪಿಸಬೇಕಿತ್ತು. ಆ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಫೋನಿನಲ್ಲಿ ನೀನು ಎಂದೆ: 'ಹೊಸ ಟೈರ್ ಯಾಕೆ? ಅಂಗಡಿಯವರು ಹಾಗೇ ಹೇಳೋದು, ವ್ಯಾಪಾರ ಆಗ್ಬೇಕಲ್ಲ. ಪಂಚರ್ ಹಾಕ್ಸು ಸಾಕು, ಇನ್ನೂ ಎಷ್ಟೋ ದಿನ ಓಡುತ್ತೆ.' ನಾನು ಹ್ಞೂಂ ಎಂದೆ.

ಅವನು ಟೈರು ಕಳಚಿದ. ಮೊಳೆ ಹುಡುಕಿದ, ಗಾಜಿನ ಚೂರು ಹುಡುಕಿದ, ಏನೂ ಸಿಗಲಿಲ್ಲ. ಆಮೇಲೆ ಒಳಗೆ ಕೈಯಾಡಿಸಿ ಅಂಗೈಯಗಲದ ಒಂದು ತುಂಡನ್ನು ಕಿತ್ತು ತೆಗೆದ. ಬೇರೆ ಯಾವುದೋ ಹಳೆಯ ಟೈರಿನಿಂದ ಕತ್ತರಿಸಿ ಅಂಟಿಸಿದ್ದ ತುಂಡು. ಹುಣ್ಣಿನ ಮೇಲಿನ ಹಕ್ಕಳೆಯಂತೆ ಎದ್ದು ಬಂತು. ಅದರಡಿ ಕಪ್ಪು ನೀರು, ನಾರುವ ಅಂಟು, ಜಜ್ಜಿಹೋದ ಯಾವುದೋ ಹುಳು. ಟೈರಿನ ಪಕ್ಕೆಯಲ್ಲಿ ನನ್ನ ಹೆಬ್ಬೆರಳು ತೂರುವಷ್ಟು ದೊಡ್ಡ ಸೀಳು. ಸೀಳನ್ನು ಮುಚ್ಚಲು ಇಟ್ಟ ಆ ತುಂಡಿನ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು.

ನನ್ನ ಕೆಲಸ ನಿನಗೆ ಗೊತ್ತು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವವಳು. ರಕ್ತ, ಕಫ, ಮಲ, ಮೂತ್ರ, ಯಾವ ಡಬ್ಬಿ ಹಿಡಿದರೂ ಮೂಗು ಮುರಿದವಳಲ್ಲ. ಇದನ್ನು ಮಾತ್ರ ನೋಡಲಾಗಲಿಲ್ಲ. ಅಂಗಡಿಯ ಹಿಂದಿನ ಚರಂಡಿಗೆ ಹೋಗಿ ವಾಂತಿ ಮಾಡಿದೆ. ಬಾಯಿ ಒರೆಸಿಕೊಂಡು ಬಂದರೆ ಆ ಪುಣ್ಯಾತ್ಮ ಕೇಳುತ್ತಾನೆ, 'ಇದಕ್ಕಿಂತ ದೊಡ್ಡ ತುಂಡು ಇಟ್ಕೊಡ್ಲಾ? ಹೊರಗಡೆ ಗೊತ್ತೇ ಆಗಲ್ಲ.'

ಹೊರಗಡೆ ಗೊತ್ತೇ ಆಗಲ್ಲ! ನೀನು ಬೈಕು ಕೊಟ್ಟ ದಿನ ನೆನಪಾಯಿತು. ಬಕೆಟ್ಟು ಇಟ್ಟುಕೊಂಡು ಅಂಗಳದಲ್ಲಿ ನೀನೇ ತೊಳೆದೆ. ಅತ್ತಿಗೆ ನೋಡುತ್ತಿದ್ದರು, ಎದುರುಮನೆಯವರೂ ನೋಡುತ್ತಿದ್ದರು. ಟೈರಿಗೆ ಶೂ ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕುತ್ತಾ, 'ತಂಗಿ ಗಾಡಿ ಅಂದ್ರೆ ಮದುಮಗಳ ಥರ ಇರ್ಬೇಕು' ಎಂದೆ. ನನ್ನ ಕಣ್ಣು ತುಂಬಿತ್ತು. ನಮ್ಮಣ್ಣ ಟೈರಿಗೂ ಪಾಲಿಶ್ ಹಾಕಿ ಕೊಟ್ಟ ಎಂದು ಕೆಲಸದ ಕಡೆ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಸೀಳಿನ ಬಾಯಿಗೆ ಒತ್ತಿ ತುಂಬಿದ ಆ ಪಾಲಿಶ್ ಇನ್ನೂ ಅಲ್ಲೇ ಇದೆ.

ಆದರೂ ನಾನೆಂಥ ಪೆದ್ದಿ ನೋಡು. ಅಣ್ಣನಿಗೂ ಗೊತ್ತಿರಲಿಕ್ಕಿಲ್ಲ, ಯಾವನೋ ಮೆಕ್ಯಾನಿಕ್ ಅವನಿಗೇ ಟೋಪಿ ಹಾಕಿರಬೇಕು ಎಂದುಕೊಂಡೆ. ಬಿಚ್ಚಿದ್ದು ಹಾಗೇ ಇರಲಿ ಎಂದು ಅಂಗಡಿಯವನಿಗೆ ಹೇಳಿ ಬಸ್ಸು ಹತ್ತಿದೆ. ಸಂಜೆಯವರೆಗೂ ನಿನ್ನ ವಕೀಲಳಾಗಿ ನನ್ನ ಜೊತೆ ನಾನೇ ವಾದ ಮಾಡಿದೆ.

ಸಂಜೆ ಅತ್ತಿಗೆಯ ಫೋನು ಬಂತು. ನಿಮ್ಮ ಮಗ ಲಂಬುವಿನ ಬೈಕು ರಿಪೇರಿಗೆ ಹೋಗಿದೆಯಂತೆ, ಒಂದು ವಾರದ ಮಟ್ಟಿಗೆ ಈ ಬೈಕು ಬೇಕಂತೆ, ನಾಡಿದ್ದು ಅವನೇ ಬಂದು ಒಯ್ಯುತ್ತಾನಂತೆ. ಅದಕ್ಕೇನು, ಒಯ್ಯಲಿ ಎಂದೆ. ಅಷ್ಟರಲ್ಲಿ ನೀನು ಅವರ ಕೈಯಿಂದ ಫೋನು ಕಸಿದುಕೊಂಡೆ. 'ಲೇ, ಆ ಹಿಂದಿನ ಟೈರ್ ಮೊದ್ಲು ಕಿತ್ತುಹಾಕ್ಸು. ಹೊಸದು ಹಾಕ್ಸಿದ ಮೇಲೇ ಅವನ ಕೈಗೆ ಗಾಡಿ ಕೊಡು. ಅದರ ಪಕ್ಕೆ ಸರಿಯಿಲ್ಲ, ಇವನು ಬೇರೆ ಜೋರಾಗಿ ಓಡಿಸ್ತಾನೆ.'

ಪಕ್ಕೆಯ ವಿಷಯ ನಾನು ನಿನಗೆ ಹೇಳಿಯೇ ಇರಲಿಲ್ಲ ಅಣ್ಣಾ.

ಥೂ. ಬೆಳಿಗ್ಗೆ ಪಂಚರ್ ಸಾಕಾಗಿತ್ತು, ಸಂಜೆಗೆ ಹೊಸ ಟೈರೇ ಬೇಕಾಯಿತು. ನಡುವೆ ಬದಲಾದದ್ದು ಸೀಟಿನ ಮೇಲೆ ಕೂರುವವರು ಮಾತ್ರ. ನನ್ನ ಸೊಂಟ ತಬ್ಬಿಕೊಂಡು, ಬೆನ್ನಿಗೆ ಕೆನ್ನೆಯಾನಿಸಿ, ಅರ್ಧ ನಿದ್ದೆಯಲ್ಲೇ ಶಾಲೆಗೆ ಹೋಗುವ ಆ ಕೂಸು ದಿನವೂ ನಿನ್ನ ಸೀಳಿನ ಮೇಲೆ ಕೂತಿತ್ತು. ಶಾಲೆಯ ಗೇಟಿನಲ್ಲಿ ಇಳಿದು, 'ಮಾಮನ ಗಾಡಿ, ಟಾಟಾ' ಎಂದು ಬೈಕಿಗೂ ಕೈಬೀಸುತ್ತಾಳೆ ಅವಳು. ಸಿಟ್ಟು ಬಂದಿದ್ದರೆ ಜಗಳವಾಡಿ, ಅತ್ತು, ಮುಗಿಸುತ್ತಿದ್ದೆ. ನನಗೆ ಸಿಟ್ಟು ಬರುತ್ತಿಲ್ಲ, ಹೇಸಿಗೆಯಾಗುತ್ತಿದೆ. ನಿನ್ನ ದನಿ ನೆನೆದರೆ ಆ ಅಂಟಿನ ನಾತ ಮೂಗಿಗೆ ಬರುತ್ತದೆ.

'ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ' ಎಂದು ನೀನು ಅತ್ತಿಗೆಯ ಮುಂದೆ ಆಡಿಕೊಳ್ಳುತ್ತೀಯ. ಆಡಿಕೋ. ಹೌದು, ಮೊಳ ಹಾಕಿದ್ದೇನೆ. ಹಳೆಯದು ಕೊಟ್ಟೆ ಎಂದು ನನಗೆ ಬೇಸರವಿಲ್ಲ, ಹುಟ್ಟಿದಾಗಿನಿಂದ ಹಳೆಯದರಲ್ಲೇ ಬೆಳೆದವಳು ನಾನು. 'ಇದರ ಪಕ್ಕೆ ಸೀಳಿದೆ, ಬದಲಾಯಿಸ್ಕೋ' ಎಂದು ಒಂದು ಮಾತು ಹೇಳಿದ್ದರೆ ನಾನೇ ಬದಲಾಯಿಸಿಕೊಳ್ಳುತ್ತಿದ್ದೆ. ನೀನು ಪಾಲಿಶ್ ಹಚ್ಚಿದೆ.

ಇವತ್ತು ಹೊಸ ಟೈರು ಹಾಕಿಸಿದೆ, ಟ್ಯೂಬನ್ನೂ ಹೊಸದೇ ಹಾಕಿಸಿದೆ. 'ಅಣ್ಣನ್ನ ಕೇಳಿದ್ರಾ?' ಎಂದು ಅಂಗಡಿಯವನು ಛೇಡಿಸಿದ. 'ಇಲ್ಲ' ಎಂದೆ. ಎಷ್ಟು ಹಗುರವಾಯಿತು ಗೊತ್ತಾ! ಒಂದು ಕ್ಷಣ, ಹಳೆಯ ಟೈರನ್ನೇ ಮತ್ತೆ ಹಾಕಿಸಿ, ಪಾಲಿಶ್ ತಿಕ್ಕಿ, ನಿನ್ನ ಮಗನ ಕೈಗೆ ಕೊಡೋಣ ಎನಿಸಿದ್ದೂ ಉಂಟು. ಹಾಗೆ ಎನಿಸಿದ್ದಕ್ಕೆ ನನ್ನ ಮೇಲೂ ಅಸಹ್ಯವಾಯಿತು. ಲಂಬು ನಾನು ಎತ್ತಿ ಆಡಿಸಿದ ಮಗು, ಅವನೇನು ಮಾಡಿದ್ದಾನೆ?

ವಾರದ ನಂತರ ಬೈಕು ವಾಪಸು ಕಳಿಸಬೇಡ. ನಮಗೆ ಬಸ್ಸಿದೆ. ಹಳೆಯ ಟೈರನ್ನು ನಾಳೆ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಕಳಿಸುತ್ತೇನೆ. ತುಂಡೂ ಅದರೊಳಗೇ ಇದೆ. ಲಂಬುವಿಗೆ ನಾನೇನೂ ಹೇಳುವುದಿಲ್ಲ. ಇದೇನಪ್ಪಾ ಎಂದು ಅವನು ಕೇಳಿದರೆ ನೀನೇ ಹೇಳು.

ಈ ಪತ್ರವನ್ನೂ ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ನೀನಿದನ್ನು ಓದುತ್ತಿದ್ದೀಯ ಎಂದರೆ ನಿನ್ನ ಮಗ ಆ ಇಳಿಜಾರನ್ನೂ ಸೇತುವೆಯನ್ನೂ ದಾಟಿ ಕ್ಷೇಮವಾಗಿ ಮನೆ ಸೇರಿದ್ದಾನೆ. ನೂರು ಕಾಲ ಬಾಳಲಿ ಅವನು.

ಇನ್ನು ಮುಂದೆ ಯಾವುದಕ್ಕೂ ನಿನ್ನನ್ನು ಕೇಳದ,
ನಿನ್ನ ತಂಗಿ